ಉಚಿತ ಡಯಾಲಿಸಿಸ್‌ಗೆ ತಗಲುವ ಖರ್ಚು

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನ ರಕ್ತನಾಳಗಳಿಗೆ ನಳಿಕೆ ಜೋಡಿಸಿ, ಡಯಾಲಿಸಿಸನ್ನು ವರ್ಷಗಟ್ಟಲೆ ನಡೆಸಬಹುದೆಂದು ತೋರಿಸಿದರು. ರೋಗಿಗಳು ಹೆಚ್ಚು, ಯಂತ್ರಗಳು ಕಡಿಮೆ. ಯಾರು ಬದುಕಬೇಕೆಂದು ನಿರ್ಧರಿಸಲು ಕುಳಿತ ನಾಗರಿಕರ ಸಮಿತಿ ಉದ್ಯೋಗ, ಸಂಸಾರ, ಚರ್ಚಿನ ಒಡನಾಟವನ್ನೂ ತೂಗಿತು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ವರದಿ ಮಾಡಿತು. 1972ರ ಕಾನೂನು ಆ ದೇಶದ ಬಹುತೇಕ ರೋಗಿಗಳ ಚಿಕಿತ್ಸೆಯ ವೆಚ್ಚವನ್ನು ಸರಕಾರದ ಹೊಣೆಯಾಗಿಸಿತು. ಬ್ರಿಟನ್ನಿನಲ್ಲಿ ಮಗನ ಮೂತ್ರಪಿಂಡ ವೈಫಲ್ಯವನ್ನು ಕಂಡುಂಡ ಎಲಿಜಬೆತ್ ವಾರ್ಡ್ 1975ರಲ್ಲಿ ರೋಗಿಗಳ ಸಂಘ ಕಟ್ಟಿದರು. ಚಿಕಿತ್ಸೆ ಇದ್ದೂ ಎಲ್ಲರಿಗೆ ಎಟುಕದ ಕಡೆ ಇಂಥ ಸಂಘಗಳು ಹುಟ್ಟುತ್ತವೆ.

ನಮ್ಮಲ್ಲಿ 2016ರಲ್ಲೇ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆ ಬಂದಿದೆಯಲ್ಲ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಈಗ ಕಟ್ಟಹೊರಟಿರುವ ರೋಗಿಗಳ ಸಂಘ ಏತಕ್ಕೆ ಎಂದು ಕೇಳಬಹುದು. ಲೆಕ್ಕ ಹಾಕೋಣ. ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು; ವರ್ಷಕ್ಕೆ 156 ದಿನ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ 2023ರಿಂದ ಸರಕಾರಿ ಬಸ್ಸಿನ ಪ್ರಯಾಣ ಉಚಿತ. ಆದರೆ ಹೋದ ದಿನದ ಕೂಲಿ ಬಾರದು, ಜೊತೆಗೆ ಬರುವ ಗಂಡನಿಗೆ ಟಿಕೆಟ್ಟೂ ಬೇಕು, ಅವನ ಕೂಲಿಯೂ ಹೋಯಿತು. ಖರ್ಚಿಗೆ ಅಂಜಿ ಒಂದು ಸರದಿ ಬಿಟ್ಟರೆ ದೇಹದಲ್ಲಿ ನೀರು, ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ.

ಸಂಘ ಕೈಹಾಕಿದರೆ ಸರಕಾರ ಕೈತೊಳೆದುಕೊಳ್ಳುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಬರೀ ದಾನ ಹಂಚುವ ಸಂಘದಿಂದ ಹಾಗಾಗುವ ಸಂಭವ ಉಂಟು. ಯಂತ್ರ ಎಷ್ಟು ದಿನ ಕೆಟ್ಟಿತ್ತು, ಸರದಿ ಸಿಗದೆ ಯಾರು ಮರಳಿದರು ಎಂದು ಬರೆದಿಟ್ಟು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುವ ಸಂಘ ಸರಕಾರದ ಹೊಣೆಯನ್ನು ಮರೆಯಗೊಡುವುದಿಲ್ಲ.

ಸಂಘದ ಹಣ ಎಲ್ಲರಿಗೂ ಸಾಲದಾಗ ನೆರವು ಯಾರಿಗೆ ಮೊದಲು? ಸಿಯಾಟಲ್ ಸಮಿತಿಯ ತಪ್ಪು ಇಲ್ಲಿ ಮರುಕಳಿಸುವುದು ಸುಲಭ: ನಮ್ಮ ಜಾತಿಯವನು, ಮುಖಂಡರ ಚೀಟಿ ತಂದವನು, ಕುಡಿಯದ 'ಒಳ್ಳೆಯವನು'. ಇವು ಯಾವುವೂ ರೋಗಿಯ ಅಗತ್ಯದ ಅಳತೆಯಲ್ಲ. ದೂರ, ಆದಾಯ, ವೈದ್ಯರು ಹೇಳಿದ ತುರ್ತು ಇವಷ್ಟೇ ನ್ಯಾಯವಾದ ಅಳತೆ.

ಆದ್ದರಿಂದ ಈ ಮೂರು ಊರುಗಳಲ್ಲಿ ಸಂಘ ಕಟ್ಟಹೊರಟವರು ದೇಣಿಗೆಯ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ನೆರವಿನ ನಿಯಮಗಳನ್ನು ಬರೆದು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ನೆರವು ಪಡೆಯುವವನಿಗೆ ಆ ನಿಯಮವನ್ನು ಪ್ರಶ್ನಿಸುವ ಹಕ್ಕೂ ಇರಲಿ.