ಮಾಡಿದವನು, ಮಾಡಿಸಿದವನು, ಒಪ್ಪಿದವನು

ತಪ್ಪೊಂದು ನಡೆದಾಗ ‘ಮಾಡಿದವರು ಯಾರು?’ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಸುಮ್ಮನಾಗುವುದು ನಮ್ಮ ರೂಢಿ. ಜೈನ ಚಿಂತನೆ ಅಷ್ಟಕ್ಕೆ ಬಿಡುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸಂಕಲ್ಪ, ಸಿದ್ಧತೆ, ಆರಂಭವೆಂಬ ಮೂರು ಹಂತ; ಮನಸ್ಸು, ಮಾತು, ಮೈಯೆಂಬ ಮೂರು ಸಾಧನ; ತಾನೇ ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರು ಬಗೆ; ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯ (ಮನೋವಿಕಾರ), ಇವನ್ನೆಲ್ಲ ಗುಣಿಸಿ, ಕರ್ಮ ಅಂಟುವ 108 ದಾರಿಗಳನ್ನು ಎಣಿಸುತ್ತದೆ. ಇವುಗಳಲ್ಲಿ ಕೃತ, ಕಾರಿತ, ಅನುಮೋದಿತವೆಂಬ ಮೂರು ಬಗೆಗಳನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನಂಥ ಕಡೆ ಮತ್ತೆ ಮತ್ತೆ ನೆನೆಯಬೇಕಾಗಿದೆ. ಅಲ್ಲಿ ಕೆಲಸ ಕಂಪನಿಯಿಂದ ಗುತ್ತಿಗೆದಾರನಿಗೆ, ಗುತ್ತಿಗೆದಾರನಿಂದ ಚಾಲಕನಿಗೆ ದಾಟುತ್ತದೆ. ಕೆಲಸ ದಾಟಿದರೂ ಹೊಣೆ ದಾಟುವುದಿಲ್ಲ ಎಂಬುದೇ ನನ್ನ ವಾದ.

2005ರ ಡಿಸೆಂಬರ್‌ನಲ್ಲಿ ಎಚ್‌ಪಿ ಕಂಪನಿಯ ಬೆಂಗಳೂರು ಕಾಲ್ ಸೆಂಟರಿನ ಉದ್ಯೋಗಿಯೊಬ್ಬರನ್ನು ರಾತ್ರಿ ಪಾಳಿಗೆ ಕರೆದೊಯ್ಯುವ ನೆಪದಲ್ಲಿ ಬಂದ ಕ್ಯಾಬ್ ಚಾಲಕ ಅತ್ಯಾಚಾರವೆಸಗಿ ಕೊಂದ. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಕಾರ್ಮಿಕ ಇಲಾಖೆ ಇನ್ನೊಂದು ಪ್ರಶ್ನೆಯನ್ನೂ ಎತ್ತಿತ್ತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಣ್ಣುಮಕ್ಕಳ ರಾತ್ರಿ ದುಡಿಮೆಯನ್ನು ತಡೆದಿತ್ತು. ಐಟಿ ಸಂಸ್ಥೆಗಳಿಗೆ ವಿನಾಯಿತಿ ಸಿಕ್ಕಿದ್ದು ಸಾರಿಗೆ ಮತ್ತು ಭದ್ರತೆ ಒದಗಿಸುವ ಷರತ್ತಿನ ಮೇಲೆ. ಅದನ್ನು ಪಾಲಿಸಿಲ್ಲವೆಂದು ಇಲಾಖೆ ಕಂಪನಿಯ ಮುಖ್ಯಸ್ಥ ಸೋಮ್ ಮಿತ್ತಲ್ ಅವರ ಮೇಲೆ ಮೊಕದ್ದಮೆ ಹೂಡಿತು. ಅವರ ಹೆಸರಿನಿಂದಲೇ ಹೆಸರಾದ ಈ ಪ್ರಕರಣವನ್ನು ರದ್ದುಮಾಡಲು ಹೈಕೋರ್ಟ್ ಒಪ್ಪಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಅವರು ತಪ್ಪಿತಸ್ಥರೆಂದು ಆ ತೀರ್ಪು ಹೇಳಲಿಲ್ಲ. ಪ್ರಶ್ನೆ ವಿಚಾರಣೆಗೆ ತಕ್ಕದ್ದು ಎಂದಷ್ಟೇ ಅದರ ಅರ್ಥ.

ಮುಖವನ್ನೇ ನೋಡಿರದ ಚಾಲಕನ ಪಾಪಕ್ಕೆ ಕಚೇರಿಯಲ್ಲಿ ಕೂತವರನ್ನು ಎಳೆಯುವುದು ನ್ಯಾಯವೇ ಎಂದು ಕೇಳಬಹುದು. ಕೊಲೆ ಕೊಂದವನದೇ, ಅದರಲ್ಲಿ ಎಳ್ಳಷ್ಟನ್ನೂ ಬೇರೆಯವರ ತಲೆಗೆ ಕಟ್ಟಬಾರದು. ಆದರೆ ನಡುರಾತ್ರಿ ಫೋನು ಬರುತ್ತದೆ, ಮನೆ ಮುಂದೆ ಕಾರು ನಿಲ್ಲುತ್ತದೆ. ಹತ್ತುವವಳಿಗೆ ಚಾಲಕನ ಪರಿಚಯವಿರಬೇಕಿಲ್ಲ. ಕಂಪನಿಯ ಕ್ಯಾಬ್ ಎಂಬ ಭರವಸೆ ಸಾಕು. ಆ ಭರವಸೆಯನ್ನು ಕೊಟ್ಟವರು, ಸ್ಟಿಯರಿಂಗ್ ಹಿಂದೆ ಯಾರಿದ್ದಾರೆಂದು ವಿಚಾರಿಸುವ ಕರ್ತವ್ಯವನ್ನೂ ಹೊತ್ತಿರುತ್ತಾರೆ. ಕಾರಿತವೆಂದರೆ ಚಾಲಕನ ಪಾಪದಲ್ಲಿ ಪಾಲು ಎಂದಲ್ಲ, ತನ್ನದೇ ಆದ ಬೇರೊಂದು ಲೆಕ್ಕ. ಕೇಡು ಬಯಸಿರಲಿಲ್ಲ ಎಂಬ ಸಮಾಧಾನವೂ ಇಲ್ಲಿ ಸಾಲದು. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಅದರ ಬೇರನ್ನು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ, ಕಾಣುತ್ತದೆ.

ಇನ್ನೊಂದು ಆಕ್ಷೇಪ ಗೀತೆಯ ಹೆಸರಿನಲ್ಲಿ ಬರುತ್ತದೆ. ಹದಿನೆಂಟನೆಯ ಅಧ್ಯಾಯ ಪ್ರತಿ ಕ್ರಿಯೆಗೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವವೆಂಬ ಐದು ಕಾರಣಗಳನ್ನು ಹೇಳಿ, ತಾನೊಬ್ಬನೇ ಕರ್ತೃ ಎಂದುಕೊಳ್ಳುವವನಿಗೆ ಸತ್ಯ ಕಾಣದು ಎನ್ನುತ್ತದೆ. ಹಾಗಾದರೆ ಯಾರನ್ನು ಹೊಣೆಮಾಡುವುದು? ಆ ಪಟ್ಟಿಯಲ್ಲಿ ದೈವದ ಜೊತೆಗೆ ಕರ್ತೃವೂ ಇದ್ದಾನೆ ಎಂಬುದನ್ನು ಮರೆಯಬಾರದು. ಗೀತೆ ಕಳಚಲು ಹೇಳುವುದು ಅಹಂಕಾರವನ್ನು. ಕರ್ತವ್ಯವನ್ನು ಬಿಟ್ಟು ಹೋಗಲು ಅದು ಅರ್ಜುನನಿಗೆ ಅನುಮತಿ ಕೊಡಲಿಲ್ಲ. ಹೊಣೆ ಹಲವರದ್ದಾದರೆ ಯಾರದ್ದೂ ಆಗುವುದಿಲ್ಲ ಎಂಬ ಭಯಕ್ಕೂ ಉತ್ತರವಿದೆ. ಯಾರಿಗೆ ಎಷ್ಟು ತಿಳಿದಿತ್ತು, ಬದಲಿಸುವ ಅಧಿಕಾರ ಯಾರಿಗೆ ಎಷ್ಟಿತ್ತು ಎಂಬ ಎರಡು ಅಳತೆಗಳಿಂದ ಒಬ್ಬೊಬ್ಬರ ಹೊಣೆಯನ್ನೂ ತೂಗಬಹುದು.

ಇಂದು ಗುತ್ತಿಗೆದಾರನ ಜಾಗಕ್ಕೆ ಆ್ಯಪ್ ಬಂದಿದೆ. ಡೆಲಿವರಿ ಹುಡುಗನ ಐಡಿ ಬ್ಲಾಕ್ ಆದರೆ ‘ಸಿಸ್ಟಮ್‌ನಲ್ಲೇ ಹಾಗೆ ಬರ್ತಿದೆ’ ಎಂಬ ಉತ್ತರ ಸಿಗುತ್ತದೆ. ಸಿಸ್ಟಮ್‌ಗೆ ನಿಯಮ ಬರೆದವರಿದ್ದಾರೆ, ಅದನ್ನು ಒಪ್ಪಿ ಸಹಿ ಹಾಕಿದವರಿದ್ದಾರೆ. ಯಂತ್ರ ತಾನೇ ಕಲಿಯುತ್ತದೆ, ಮಾಡಿದವರಿಗೂ ಅದರ ನಡೆ ತಿಳಿಯದು ಎನ್ನುವುದಾದರೆ, ನಡೆ ತಿಳಿಯದ್ದನ್ನು ಬೀದಿಗೆ ಬಿಟ್ಟವರ ಎಚ್ಚರ ಇಮ್ಮಡಿಯಾಗಬೇಕು. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಕಾರಣ ತಿಳಿಸದೆ, 14 ದಿನಗಳ ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದು ಎನ್ನುವುದು ಕಾರಿತಕ್ಕೆ ಮುಖ ಕೊಡುವ ಪ್ರಯತ್ನ.

ಉಳಿದದ್ದು ಅನುಮೋದಿತ. ಹತ್ತು ನಿಮಿಷದಲ್ಲಿ ಹಾಲು ಬಂದದ್ದಕ್ಕೆ ಹಿಗ್ಗಿ, ತಂದವನು ಸಿಗ್ನಲ್ ಹಾರಿ ಬಂದನೇ ಎಂದು ಕೇಳದ ನಮ್ಮೆಲ್ಲರ ಪಾಲು ಅದು. ಅದಕ್ಕೆ ಯಾವ ಕೋರ್ಟೂ ಸಮನ್ಸ್ ಕಳಿಸುವುದಿಲ್ಲ. ಪ್ರತಿಕ್ರಮಣವೆಂಬ ಜೈನರ ಪಶ್ಚಾತ್ತಾಪದ ಆಚರಣೆಯಲ್ಲಿ ಮಾಡಿದ್ದನ್ನೂ ಮಾಡಿಸಿದ್ದನ್ನೂ ಒಪ್ಪಿದ್ದನ್ನೂ ನೆನೆದು, ತಪ್ಪಿದ್ದರೆ ತಾನಾಗಿಯೇ ಹೇಳಿಕೊಳ್ಳಬೇಕು. ಪಾಳಿ ಮುಗಿಸಿ ಲಾಗ್‌ಔಟ್ ಆಗುವ ಹೊತ್ತಿನಲ್ಲಿ ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಜೈನರೇ ಆಗಬೇಕಿಲ್ಲ.