ಜಂಗಮವಾದ ಪಾಠಶಾಲೆ



ಸ್ಥಾವರ-ಜಂಗಮಗಳ ಭೇದವನ್ನು ಶಿವಶರಣರು ದೇವಾಲಯವನ್ನು ಕುರಿತು ಹೇಳಿದರು. ಆ ವಿವೇಕವು ವಿದ್ಯಾಲಯಕ್ಕೂ ಸಲ್ಲತಕ್ಕುದು.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿಯಿಂದ ನಾಡಿನ ಶಾಲೆಗಳೆಲ್ಲ ಮುಚ್ಚಿದುವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಇಲ್ಲಿ ಗುಳೆ ಹೋಗಿ ಬಾಳುವ ಬಡವರ ಮನೆಗೆ ಮೊಬೈಲಿನ ಪಾಠವೆಲ್ಲಿಯದು?

ಆಗಸ್ಟಿನಲ್ಲಿ ಸರ್ಕಾರವು ‘ವಿದ್ಯಾಗಮ’ವನ್ನು ಆರಂಭಿಸಿತು. ಶಿಷ್ಯನು ಗುರುವಿನೆಡೆಗೆ ಬರಲಾಗದಾಗ ಗುರುವೇ ಶಿಷ್ಯನಿದ್ದೆಡೆಗೆ ನಡೆದನು. ಗುಡಿಯ ಅಂಗಳ, ಮರದ ನೆರಳುಗಳೇ ಪಾಠಶಾಲೆಗಳಾದುವು. ಸ್ಥಾವರದ ಬಾಗಿಲು ಮುಚ್ಚಿರಲು ವಿದ್ಯೆಯು ಜಂಗಮವಾಯಿತು.

ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಇದನ್ನು ಸೋಲೆಂದು ಬಗೆಯಲಾಗದು. ವಿದ್ಯಾದಾನವು ದಾಸೋಹ, ಪ್ರಾಣರಕ್ಷಣೆಯು ದಯೆ; ದಯೆಯನ್ನುಳಿದ ದಾಸೋಹವುಂಟೆ? 2021ರ ಜನವರಿ 1ರಂದು ಹತ್ತನೆಯ ತರಗತಿಯವರಿಗೆ ಬಾಗಿಲು ತೆರೆಯಿತು. ಒಂದರಿಂದ ಐದನೆಯ ತರಗತಿಯ ಎಳೆಯರು ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳೆಲ್ಲರೂ ಮರಳುವರೆಂದಲ್ಲ. ಕುರಿಯ ಹಿಂದೆ ಹೋದ ಬಾಲಕನು, ಮದುವೆಯ ಮಾತಿಗೆ ಸಿಕ್ಕ ಬಾಲಕಿಯು, ಅಕ್ಷರವನ್ನು ಮರೆತು ನಾಚಿ ಹಿಂದೆಗೆದ ಕೂಸು, ಇವರನ್ನು ಕರೆಯುವವರಾರು? ಯಾವ ಕಾಲದಲ್ಲಿಯೇ ಆಗಲಿ, ನೆರೆಮನೆಯ ಮಗುವು ಶಾಲೆಯನ್ನು ಬಿಟ್ಟುದಾದರೆ ಸದ್ಗೃಹಸ್ಥನು ತಾನೇ ಅದರ ಮನೆಗೆ ನಡೆಯಬೇಕು. ಆ ನಾಲ್ಕು ಹೆಜ್ಜೆಯೂ ಜಂಗಮಸೇವೆಯೇ ಅಹುದು.