ತಿಪ್ಪೆಯ ಪಾಲು

‘ಕೃಷಿ ತ್ಯಾಜ್ಯ’ ಎಂಬ ಮಾತನ್ನು ಮೊದಲು ಆಡಿದವರು ಯಾರೋ ಕಾಣೆ. ನಮ್ಮಂಥ ಪೇಟೆಯವರೇ ಇರಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯನ್ನು ಸುಗ್ಗಿಯ ಕಾಲದಲ್ಲಿ ಕಂಡವರಿಗೆ ಅದು ಅಷ್ಟು ಸಲೀಸಾಗಿ ಬಾಯಿಗೆ ಬಾರದು. ಮಳೆ ಕಡಮೆಯಾದ ಆ ನೆಲದಲ್ಲಿ ರಾಗಿಯ ಹುಲ್ಲು ಬಣವೆ ಸೇರಿ ದನದ ಪಾಲಾಗುತ್ತದೆ. ಕಡಲೆಕಾಯಿ ಬಳ್ಳಿಯೂ ಮೇವೇ. ತೊಗರಿ ಕಡ್ಡಿ ಒಲೆಗೆ; ಗ್ಯಾಸು ಬಂದ ಮನೆಯಲ್ಲೂ ಸ್ನಾನದ ಹಂಡೆಗೆ ಅದು ಬೇಕು. ತೆಂಗಿನ ಗರಿ ಚಪ್ಪರವಾಗುತ್ತದೆ, ಪೊರಕೆಯಾಗುತ್ತದೆ. ಇನ್ನು ತಿಪ್ಪೆಗೆ ಉಳಿಯುವುದು ಅಡಕೆಯ ಸಿಪ್ಪೆ, ಉದುರೆಲೆ, ದನ ಮೂಸಿ ಬಿಟ್ಟ ಹುಲ್ಲು.

ಈ ಉಳಿಕೆಯನ್ನು ಬೇಗ ಗೊಬ್ಬರವಾಗಿಸಲು ಈಗ ಸೂಕ್ಷ್ಮಜೀವಿಗಳು ಪೊಟ್ಟಣದಲ್ಲೇ ದೊರೆಯುತ್ತವೆ. ಒಳ್ಳೆಯದೇ. ಒಣಹುಲ್ಲಿನಲ್ಲಿ ಸಾರಜನಕ 1 ಪಾಲಿದ್ದರೆ ಇಂಗಾಲ ಸುಮಾರು 80 ಪಾಲು. ಕೊಳೆಸುವ ಜೀವಿಗಳಿಗೆ ಹಿಡಿಸುವುದು 30ರ ಆಸುಪಾಸು. ಸೆಗಣಿ, ಗಂಜಲ, ಹಸಿರೆಲೆ ಬೆರೆಸುವುದು ಅದಕ್ಕಾಗಿಯೇ. ತೇವ ಹದವಾಗಿದ್ದು ಗಾಳಿಯಾಡಿದರೆ ಗುಡ್ಡೆಯ ಒಡಲು 60 ಡಿಗ್ರಿಗೂ ಕಾಯುತ್ತದೆ. ನಾರನ್ನು ಮುರಿಯುವ ಬ್ಯಾಕ್ಟೀರಿಯ, ಬೂಷ್ಟುಗಳದು ಮೊದಲ ಸರದಿ. ಗಾಳಿಯ ಸಾರಜನಕವನ್ನು ಹಿಡಿಯುವ ಅಜಟೊಬ್ಯಾಕ್ಟರನ್ನು ಕಾವು ಇಳಿದ ಮೇಲೆಯೇ ಸೇರಿಸಬೇಕು. ಮೊದಲೇ ಸುರಿದರೆ ಬೆಂದುಹೋಗುತ್ತದೆ. ರಂಜಕವನ್ನು ಕರಗಿಸಿ ಬೇರಿಗೆ ಒದಗಿಸುವ ಬ್ಯಾಕ್ಟೀರಿಯಗಳೂ ಉಂಟು. ಕೂಲಿ ಕೇಳದ ಆಳುಗಳೆಂದು ಇವನ್ನು ಹೊಗಳುವವರಿದ್ದಾರೆ. ಕೂಲಿಯಿಲ್ಲದಿದ್ದರೇನು, ಊಟ ಬೇಕು, ನೀರೂ ಬೇಕು. ಕುಡಿಯುವ ನೀರಿಗೆ ಕೊಡ ಸಾಲಿಡುವ ಊರಿನಲ್ಲಿ ತಿಪ್ಪೆಗೆ ನೀರೆರೆಯಿರಿ ಎಂದು ಹೇಳುವುದಕ್ಕೆ ತುಸು ಎದೆಗಾರಿಕೆ ಬೇಕು!

ನನ್ನನ್ನು ಕಾಡುವುದು ಮಾತ್ರ ಬೇರೊಂದು ಪ್ರಶ್ನೆ. ಕೊಯ್ದ ಹೊಲದಲ್ಲಿ ಭೂಮಿಯಿಲ್ಲದವರು ಮೇಕೆ ಬಿಡುತ್ತಾರೆ, ಕಡ್ಡಿ ಆಯುತ್ತಾರೆ, ಮಣ್ಣಲ್ಲಿ ಉಳಿದ ಕಡಲೆಕಾಯಿ ಹೆಕ್ಕುತ್ತಾರೆ. ಯಾವ ಪತ್ರದಲ್ಲೂ ಬರೆಯದ ಹಕ್ಕು ಅದು. ಬೆಲೆಯಿಲ್ಲದ ವಸ್ತುವಾದ್ದರಿಂದ ಇಷ್ಟುಕಾಲ ನಡೆದು ಬಂದಿದೆ. ಕಸಕ್ಕೆ ಬೆಲೆ ಬಂದ ದಿನ ಹೊಲದ ಯಜಮಾನ ಬೇಲಿ ಹಾಕಿದರೆ ತಪ್ಪೆನ್ನುವುದು ಹೇಗೆ? ಮಣ್ಣಿನ ಹಸಿವೂ ಸುಳ್ಳಲ್ಲ. ಮಣ್ಣಿಗೆ ನ್ಯಾಯ ಮಾಡಲು ಹೋಗಿ ಮೇಕೆಯ ಒಡತಿಗೆ ಅನ್ಯಾಯ ಮಾಡಬಹುದೆ? ಮಾಡಬಾರದೆಂದೇ ನನ್ನ ಎಣಿಕೆ. ಇದ್ದುದರಲ್ಲೇ ಹಂಚಿಕೊಂಡು ಬದುಕುವವರಿಂದ ಇನ್ನೊಂದು ಪಾಲು ಕೇಳುವ ಮೊದಲು, ತಿಂದೂ ಹಿಂದಿರುಗಿಸದವರನ್ನು ಕೇಳಬೇಕು. ಅಂಥವರು ನಾವು.

ಇದು ಹೊಸ ಮಾತೇನಲ್ಲ. 1939ರ ವೇಳೆಗೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ಗುಂಡಿಗೆ ತುಂಬಿ, ಮೇಲೆ ಮಣ್ಣು ಮೆತ್ತಿ, 6–8 ತಿಂಗಳಲ್ಲಿ ಗೊಬ್ಬರ ತೆಗೆಯುವ ಕ್ರಮವನ್ನು ರೂಪಿಸಿದ್ದರು. ‘ಬೆಂಗಳೂರು ಪದ್ಧತಿ’ ಎಂದು ಅದು ಹೊರದೇಶಗಳಲ್ಲೂ ಹೆಸರಾಯಿತು. ಆ ಕಾಲದಲ್ಲಿ ಮಲ ಹೊತ್ತ ತಲೆಗಳು ಯಾರವೆಂಬುದನ್ನು ಮರೆತು ಅದನ್ನು ಕೊಂಡಾಡುವುದು ನನ್ನಿಂದಾಗದು. ಆದರೂ ಪಟ್ಟಣ ಹಳ್ಳಿಗೆ ಏನನ್ನಾದರೂ ಮರಳಿಸಬೇಕೆಂಬ ಎಣಿಕೆ ಅದರಲ್ಲಿತ್ತು. ಇಂದು ಯಾರ ತಲೆಯ ಮೇಲೂ ಏನೂ ಹೊರಿಸಬೇಕಾಗಿಲ್ಲ. ತರಕಾರಿ ಸಿಪ್ಪೆಯಿಂದ ಪ್ಲಾಸ್ಟಿಕ್ಕನ್ನೂ ಗಾಜಿನ ಚೂರನ್ನೂ ಬೇರೆ ಇಟ್ಟರೆ ಸಾಕು. 2012ರಲ್ಲೇ ಬೆಂಗಳೂರು ಅದನ್ನು ಕಡ್ಡಾಯ ಮಾಡಿತು. ಅಡಿಗೆಮನೆಯಲ್ಲಿ ಅದು ಎಷ್ಟು ನಡೆಯುತ್ತದೆಂದು ವಾಚಕರೇ ಬಲ್ಲರು. ಗಾಜು ಬೆರೆತ ಗೊಬ್ಬರವನ್ನು ಬರಿಗಾಲಲ್ಲಿ ಉಳುವವನು ಮುಟ್ಟುವುದಿಲ್ಲ. ಗಾಜು ತಿನ್ನುವ ಬ್ಯಾಕ್ಟೀರಿಯವೂ ಪೊಟ್ಟಣದಲ್ಲಿ ಇಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮಾರನೆಯ ಬೆಳಗ್ಗೆ ಆ ಬೀದಿಯಲ್ಲಿ ಕಾಲಿಟ್ಟಲ್ಲೆಲ್ಲ ಸಿಪ್ಪೆ. ಶಿರಾ ಇಲ್ಲಿಂದ ಸುಮಾರು 120 ಕಿಲೋಮೀಟರು. ಕಾಯಿ ಬರುವಾಗ ಲಾರಿಯ ಬಾಡಿಗೆಯನ್ನು ಬೆಲೆಯಲ್ಲೇ ಸೇರಿಸಿ ಕೊಟ್ಟಿರುತ್ತೇವೆ. ಸಿಪ್ಪೆ ಹಿಂದಕ್ಕೆ ಹೋಗುವ ಬಾಡಿಗೆಯನ್ನು ಯಾರ ಲೆಕ್ಕಕ್ಕೆ ಬರೆಯೋಣ?